ಸುಕ್ಕು ಬೀಳದ ಬಟ್ಟೆ

2025ರ ನವೆಂಬರ್ 3, ಸೋಮವಾರ, ಬೆಳಿಗ್ಗೆ 10.40. ಹಲಸೂರು ಕೆರೆಯ ಹತ್ತಿರದ ಪೊಲೀಸ್ ಠಾಣೆಗೆ ಜೋಗುಪಾಳ್ಯದಿಂದ ಹನ್ನೊಂದು ಮಂದಿ ಹೆಂಗಸರು ಒಟ್ಟಿಗೆ ಬಂದರು. ಮುಂದೆ ನಿಂತವಳು ವೆಂಕಟಮ್ಮ, ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ. ಅವಳ ಕುತ್ತಿಗೆಯಿಂದ ತೋಳಿನವರೆಗೆ ಚರ್ಮ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಉಳಿದವರು ಸೆರಗು ಮೈಗೆ ತಾಕದಂತೆ ಎತ್ತಿ ಹಿಡಿದುಕೊಂಡಿದ್ದರು.

ಇನ್‌ಸ್ಪೆಕ್ಟರ್ ರಮ್ಯಶ್ರೀ ಅವರನ್ನೆಲ್ಲ ಒಳಕೋಣೆಗೆ ಕರೆದು ಬಾಗಿಲು ಹಾಕಿಸಿದಳು. ರವಿಕೆಯೊಳಗಿನ ನೋವನ್ನು ಹೆಂಗಸರು ಗಂಡಸರ ಮೇಜಿನ ಮುಂದೆ ಹೇಳುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಹೇಳದೆ ಉಳಿದ ಮಾತಿನಿಂದಲೇ ಎಷ್ಟೋ ಕೇಸುಗಳು ಬಿದ್ದುಹೋಗಿದ್ದವು.

ಶನಿವಾರ ರಾಜ್ಯೋತ್ಸವ. ಸಂಘದ ಹದಿನೆಂಟು ಮಂದಿ ಒಂದೇ ಬಗೆಯ ಕೆಂಪು ರವಿಕೆ ತೊಟ್ಟು ಬಿಸಿಲಿನಲ್ಲಿ ಮೂರು ಗಂಟೆ ನಿಂತು ಹಾಡಿದ್ದರು. ಮಧ್ಯಾಹ್ನಕ್ಕೆ ತುರಿಕೆ, ಸಂಜೆಗೆ ಉರಿ, ಭಾನುವಾರಕ್ಕೆ ಹದಿಮೂರು ಮಂದಿಗೆ ಗುಳ್ಳೆ. ಮೊದಲೇ ಉಬ್ಬಸವಿದ್ದ ಅಮೃತಮ್ಮ ಉಸಿರು ಸಿಕ್ಕದೆ ಆಸ್ಪತ್ರೆಯ ಐಸಿಯು ಸೇರಿದ್ದಳು. ಹದಿನೆಂಟೂ ರವಿಕೆಗಳನ್ನು ಹೊಲಿದವಳು ಶಿವಾಜಿನಗರದ ದರ್ಜಿ ಸಾಲೇಹಾ.

"ಅವಳೇ ಏನೋ ಹಾಕಿರೋದು ಮೇಡಂ. ತೋಳು ಬಿಗಿ ಅಂತ ನಾನು ಎರಡು ಸಲ ಬಿಚ್ಚಿಸ್ದೆ ನೋಡಿ, ಆ ಸಿಟ್ಟು" ಎಂದಳು ವೆಂಕಟಮ್ಮ.

"ಹಾಕಿದ್ದನ್ನ ಯಾರು ನೋಡಿದ್ರು?"

"ನೋಡೋದೇನು? ಹೊಲಿದವಳು ಅವಳೊಬ್ಬಳೇ ತಾನೇ?"

"ರವಿಕೆ ಒಗೆದು ತೊಟ್ಟಿದ್ರಾ?"

ವೆಂಕಟಮ್ಮನಿಗೆ ಆ ನೋವಿನಲ್ಲೂ ನಗು ಬಂತು. "ಒಗೆದ್ರೆ ಅದು ಹೊಸದು ಹೆಂಗಾಗುತ್ತೆ ಮೇಡಂ? ತುದಿಗೆ ಅರಿಶಿನ ಹಚ್ಚಿ ತೊಟ್ವಿ. ನಿಮ್ಮನೇಲಿ ಮಾಡಲ್ವಾ?"

ರಮ್ಯಶ್ರೀಯ ಮನೆಯಲ್ಲೂ ಅದೇ ಪದ್ಧತಿ. ಬಟ್ಟೆ ಎಲ್ಲಿ ಕೊಂಡದ್ದು ಎಂದು ಕೇಳಿದಾಗ ವೆಂಕಟಮ್ಮ, ಸಂಘದ ವತಿಯಿಂದ ಕಮರ್ಷಿಯಲ್ ಸ್ಟ್ರೀಟ್ ಕಡೆ ಕೊಂಡದ್ದು, ಬಿಲ್ಲು ಎಲ್ಲೋ ಕಳೆದಿದೆ ಎಂದಳು. 12.15ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಮತ್ತು 286, ಪರರ ಜೀವಕ್ಕೆ ಅಪಾಯ ತರುವ ಕೃತ್ಯ ಮತ್ತು ವಿಷವಸ್ತುವಿನ ಬಗ್ಗೆ ನಿರ್ಲಕ್ಷ್ಯ. ಆರೋಪಿಯ ಜಾಗದಲ್ಲಿ ರಮ್ಯಶ್ರೀ 'ತನಿಖೆಯಿಂದ ತಿಳಿದುಬರಬೇಕಿದೆ' ಎಂದು ಬರೆಸಿದಳು. ಸಾಲೇಹಾಳ ಹೆಸರು ಇರಲೇಬೇಕೆಂದು ಹಟ ಹಿಡಿದಿದ್ದ ವೆಂಕಟಮ್ಮನಿಗೆ ಅದು ಹಿಡಿಸಲಿಲ್ಲ.

ಠಾಣೆ ಬರೆಯದ ಹೆಸರನ್ನು ಬೀದಿ ಬರೆದಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಮುನಿರಾಜಪ್ಪ ಹದಿನೆಂಟೂ ರವಿಕೆಗಳನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡು ಬರುವಷ್ಟರಲ್ಲಿ, ಸಾಲೇಹಾಳ ಅಂಗಡಿಯ ಫೋಟೊ ಜೋಗುಪಾಳ್ಯದ ಎಲ್ಲ ಮೊಬೈಲುಗಳಲ್ಲೂ ಓಡಾಡುತ್ತಿತ್ತು. ಅದರ ಕೆಳಗೆ ಬಂದ ಮಾತುಗಳು ದರ್ಜಿ ಕೆಲಸದ ಮೇಲೆ ಬಂದವಲ್ಲ, ಧರ್ಮದ ಮೇಲೆ ಬಂದವು. ಮುನಿರಾಜಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಇದನ್ನು ಬೇಗ ಮುಗಿಸಬೇಕು ಮೇಡಂ ಎಂದನು.

ಅದೇ ದಿನ ಮಧ್ಯಾಹ್ನ 3 ಗಂಟೆಗೆ ರಮ್ಯಶ್ರೀ, ಕಾನ್‌ಸ್ಟೆಬಲ್ ಲೈಬಾಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೋದಳು. ಲೈಬಾ ಫ್ರೇಜರ್ ಟೌನಿನ ಹುಡುಗಿ. ದಖ್ಖನಿ ಮನೆಮಾತು. ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ಮೂವತ್ತೈದರ ಸಾಲೇಹಾ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಈ ಎಂಟಡಿ ಜಾಗವೇ ಅವಳ ಬದುಕು. ಅಂಗಡಿಯ ಮಾಲೀಕ ಆಗಲೇ ಬಂದು, ಹದಿನೈದನೇ ತಾರೀಖಿನೊಳಗೆ ನಿನ್ನ ಹೆಸರು ಸರಿಹೋಗದಿದ್ದರೆ ಅಂಗಡಿ ಖಾಲಿ ಮಾಡು, ನನಗೆ ಗಲಾಟೆ ಬೇಡ ಎಂದು ಹೇಳಿ ಹೋಗಿದ್ದ.

"ಕ್ಯಾ ಬೋಲ್ನಾ ಆಪಾ", ಏನು ಹೇಳಲಿ ಅಕ್ಕಾ, ಎಂದು ಲೈಬಾಳ ಕಡೆ ತಿರುಗಿದ ಸಾಲೇಹಾ, ಮುಂದಿನದನ್ನು ಕನ್ನಡದಲ್ಲೇ ರಮ್ಯಶ್ರೀಗೆ ಹೇಳಿದಳು. "ವೆಂಕಟಮ್ಮಕ್ಕಂಗೆ ನಾನು ಹನ್ನೆರಡು ವರ್ಷದಿಂದ ಹೊಲೀತೀನಿ. ಎರಡಲ್ಲ, ಹತ್ತು ಸಲ ಬಿಚ್ಚಿಸ್ತಾರೆ. ಅದಕ್ಕೆಲ್ಲ ವಿಷ ಹಾಕೋದಾದ್ರೆ ಈ ಬೀದೀಲಿ ಯಾರೂ ಉಳೀತಿರಲಿಲ್ಲ ಮೇಡಂ."

ರಮ್ಯಶ್ರೀ ಆ ಮಾತಿಗಿಂತ ಹೆಚ್ಚಾಗಿ ಅವಳ ಕೈಗಳನ್ನು ಗಮನಿಸುತ್ತಿದ್ದಳು. ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು. ಕಣ್ಣಂಚು ಊದಿತ್ತು. ಯಾವಾಗಿನಿಂದ ಎಂದು ಕೇಳಿದಳು.

"ಆ ಕೆಂಪು ಬಟ್ಟೆ ಬಂದಾಗಿಂದ. ಇಸ್ತ್ರಿ ಇಟ್ರೆ ಸಾಕು, ಕಣ್ಣಲ್ಲಿ ನೀರು. ಈರುಳ್ಳಿ ಹೆಚ್ಚಿದಂಗೆ."

ಕೇಸು ಅಲ್ಲಿಗೆ ಅರ್ಧ ನೇರವಾಯಿತು. ಪರರಿಗೆಂದು ವಿಷ ಬೆರೆಸಿದವಳು ಅದರ ಮೇಲೆ ಹದಿನೆಂಟು ಸಲ ಬರಿಗೈಯಲ್ಲಿ ಇಸ್ತ್ರಿ ಉಜ್ಜುವುದಿಲ್ಲ. ಬಟ್ಟೆ ಸಾಲೇಹಾಳ ಕೈಗೆ ಬರುವಾಗಲೇ ಕೆಟ್ಟಿತ್ತು.

ಬಟ್ಟೆಯ ಬಗ್ಗೆ ಬೇರೇನಾದರೂ ಗಮನಿಸಿದೆಯಾ ಎಂದದ್ದಕ್ಕೆ ಸಾಲೇಹಾ ತಟ್ಟನೆ ಉತ್ತರ ಕೊಟ್ಟಳು. ಅಂಗಡಿಯಲ್ಲಿ ಸಿಗುವ ರವಿಕೆ ಬಟ್ಟೆಯ ಪನ್ನ, ಅಂದರೆ ಅಗಲ, ಮೂವತ್ತಾರು ಇಂಚು, ಹೆಚ್ಚೆಂದರೆ ನಲವತ್ತನಾಲ್ಕು. ಇದು ಐವತ್ತೆಂಟು. ಅಂಚಿನಲ್ಲಿ ಅಚ್ಚಾಗಿದ್ದ ಅಕ್ಷರವನ್ನು ಯಾರೋ ಉದ್ದಕ್ಕೂ ಕತ್ತರಿಸಿ ತೆಗೆದಿದ್ದರು. "ಇದು ಅಂಗಡಿ ಮಾಲಲ್ಲ. ಫ್ಯಾಕ್ಟ್ರಿದು" ಎಂದಳು.

ಅವಳ ಅಳತೆ ಪುಸ್ತಕವನ್ನು ತಿರುವುತ್ತಿದ್ದ ಲೈಬಾ, ಆ ವಾರದ ಪುಟವನ್ನು ಬೆರಳಿಟ್ಟು ಎಣಿಸಿ ತಲೆ ಎತ್ತಿದಳು. ಹದಿನೆಂಟಲ್ಲ, ಹತ್ತೊಂಬತ್ತು ರವಿಕೆಗಳ ಅಳತೆ ಅಲ್ಲಿತ್ತು. ಕೊನೆಯದಕ್ಕೆ ಹೆಸರಿರಲಿಲ್ಲ. 'ವೆಂಕಟಮ್ಮಕ್ಕನ ಗೆಳತಿ, ಮುಚ್ಚು ಕತ್ತು' ಎಂದಷ್ಟೇ ಬರೆದಿತ್ತು. ಹಳೆಯ ರವಿಕೆಯೊಂದನ್ನು ಅಳತೆಗೆಂದು ವೆಂಕಟಮ್ಮನೇ ತಂದುಕೊಟ್ಟಿದ್ದಳಂತೆ. ಆ ಹೆಂಗಸನ್ನು ಸಾಲೇಹಾ ನೋಡಿರಲಿಲ್ಲ.

ನವೆಂಬರ್ 4ರ ಬೆಳಿಗ್ಗೆ ವಶಪಡಿಸಿಕೊಂಡ ರವಿಕೆಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಬಟ್ಟೆಯನ್ನು ಕಾಗದದ ಲಕೋಟೆಯಲ್ಲಿ ಸೀಲು ಮಾಡುವುದು ನಿಯಮ. ಮುನಿರಾಜಪ್ಪ, ಅರಿಶಿನದ ಕಲೆ ಬೇರೆಯದಕ್ಕೆ ಹತ್ತೀತೆಂದು, ಹದಿನೆಂಟನ್ನೂ ಹದಿನೆಂಟು ಪ್ಲಾಸ್ಟಿಕ್ ಕವರಿಗೆ ಹಾಕಿ ತವರದ ಛಾವಣಿಯ ಮುದ್ದೆಮಾಲು ಕೋಣೆಯಲ್ಲಿಟ್ಟಿದ್ದ. ಲಕೋಟೆ ಬದಲಿಸಲು ಪಂಚರ ಎದುರು ಮೊದಲ ಕವರು ಬಿಚ್ಚಿದಾಗ ರಮ್ಯಶ್ರೀ ಅವನನ್ನು ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

ಆ ವಾಸನೆ ಅವಳಿಗೆ ಗೊತ್ತು. ಮೊದಲ ಶವಪರೀಕ್ಷೆಯ ದಿನ ಹೊರಗೆ ಓಡಿಬಂದು ಗೋಡೆ ಹಿಡಿದು ನಿಂತಿದ್ದಳು. ಆಗಿನ ಇನ್‌ಸ್ಪೆಕ್ಟರು, ಅಭ್ಯಾಸವಾಗುತ್ತೆ ಬಿಡಮ್ಮ ಎಂದಿದ್ದರು. ಅಭ್ಯಾಸವಾಯಿತು ಕೂಡ. ಆಮೇಲೆ ಎಷ್ಟೋ ಹೊಸ ಹುಡುಗಿಯರಿಗೆ ಅವಳೂ ಅದೇ ಮಾತು ಹೇಳಿದ್ದಳು.

"ಮುನಿರಾಜಪ್ಪ, ಮೂಸಿ ನೋಡಿ."

ಅವನು ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡ. "ಮಾರ್ಚುರಿ ಮೇಡಂ ಇದು. ಫಾರ್ಮಲಿನ್ನು."

ಗಾಳಿಯಲ್ಲಿ ಆರಿಹೋಗುತ್ತಿದ್ದ ವಾಸನೆಯನ್ನು ಅವನ ತಪ್ಪು ಕಟ್ಟಿಹಾಕಿತ್ತು. ಪತ್ರದಲ್ಲಿ ಏನನ್ನು ಹುಡುಕಬೇಕೆಂದು ರಮ್ಯಶ್ರೀ ಸ್ಪಷ್ಟವಾಗಿ ಬರೆದು, ರೋಗಿಯೊಬ್ಬಳ ಜೀವದ ಪ್ರಶ್ನೆ, ತುರ್ತು ಎಂದು ಸೇರಿಸಿದಳು. ಆಮೇಲೆ ಅಮೃತಮ್ಮನ ವಾರ್ಡಿಗೆ ಹೋಗಿ ಚರ್ಮರೋಗದ ವೈದ್ಯೆಯನ್ನು ಕಂಡಳು. ಬಟ್ಟೆಗೆ ಸುಕ್ಕು ಬೀಳದಿರಲೆಂದು ಒಂದು ಬಗೆಯ ಅಂಟು ಕೊಡುತ್ತಾರೆ, ಅದನ್ನು ಸರಿಯಾಗಿ ಹದ ಮಾಡಿ ತೊಳೆಯದಿದ್ದರೆ ಶಾಖಕ್ಕೆ, ಬೆವರಿಗೆ ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡನ್ನೇ ಬಿಡುತ್ತದೆ ಎಂದು ವೈದ್ಯೆ ವಿವರಿಸಿದಳು. ಎಲ್ಲ ಮೈಗೂ ಒಂದೇ ರೀತಿ ಆಗುವುದಿಲ್ಲ. ಕೆಲವರಿಗೆ ಏನೂ ಇಲ್ಲ, ಕೆಲವರಿಗೆ ಗುಳ್ಳೆ, ಉಬ್ಬಸವಿದ್ದವರಿಗೆ ಉಸಿರೇ ಕಷ್ಟ. ಒಂದೆರಡು ಸಲ ಒಗೆದಿದ್ದರೆ ಬಹುಪಾಲು ಹೋಗುತ್ತಿತ್ತು. ಕಾರಣ ತಿಳಿದದ್ದರಿಂದ ಅಮೃತಮ್ಮನ ಚಿಕಿತ್ಸೆಗೂ ದಾರಿಯಾಯಿತು.

ವರದಿ ಬಂದದ್ದು ನವೆಂಬರ್ 12ಕ್ಕೆ. ಮೈಗೆ ತಾಗುವ ಬಟ್ಟೆಗೆ ಹೊರದೇಶದ ಖರೀದಿದಾರರು ಸಾಮಾನ್ಯವಾಗಿ ಒಪ್ಪುವ ಫಾರ್ಮಾಲ್ಡಿಹೈಡಿನ ಮಿತಿ ಹತ್ತು ಲಕ್ಷ ಪಾಲಿಗೆ ಎಪ್ಪತ್ತೈದು. ಈ ರವಿಕೆಯಲ್ಲಿದ್ದದ್ದು ನಾನೂರ ಹತ್ತು. ಸಾಲೇಹಾಳಿಗೆ ಉಳಿದಿದ್ದದ್ದು ಮೂರೇ ದಿನ.

ಅಂದು 11.30ಕ್ಕೆ ವೆಂಕಟಮ್ಮನನ್ನು ಮತ್ತೆ ಕರೆಸಲಾಯಿತು. ಗುಳ್ಳೆಗಳು ಒಣಗಿ ಕಪ್ಪುಗಟ್ಟಿದ್ದವು.

"ಹತ್ತೊಂಬತ್ತನೇ ರವಿಕೆ ಯಾರದು?"

"ಯಾವ ಹತ್ತೊಂಬತ್ತು?"

"ಮುಚ್ಚು ಕತ್ತಿಂದು."

ವೆಂಕಟಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ರಮ್ಯಶ್ರೀ ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಕೊಂಡದ್ದು ಎಂಬುದು ಸುಳ್ಳೆಂದು ಗೊತ್ತಿದೆ ಎಂದಳು. ಆ ಸುಳ್ಳಿನ ಭಾರವನ್ನು ಹತ್ತು ದಿನದಿಂದ ಶಿವಾಜಿನಗರದ ಒಬ್ಬ ಹೆಂಗಸು ಹೊತ್ತಿದ್ದಾಳೆ, ಶನಿವಾರ ಅವಳ ಅಂಗಡಿ ಹೋಗುತ್ತೆ ಎಂದಳು.

"ಒಳ್ಳೇದು ಮಾಡಿದವಳ ಹೆಸರು ಹೆಂಗ್ ಹೇಳ್ಲಿ ಮೇಡಂ?" ಎಂದಳು ಕೊನೆಗೆ ವೆಂಕಟಮ್ಮ. "ಶೀಬಾ ಅಂತ. ಮೊದ್ಲು ನಮ್ಮ ಪಕ್ಕದ ಮನೇಲಿದ್ಲು, ಈಗ ಕೆ.ಆರ್. ಪುರಂ. ಫ್ಯಾಕ್ಟ್ರಿಯಿಂದ ಬಂದಿದ್ದು, ಸುಮ್ನೆ ಕೊಡ್ತೀನಿ, ಎಲ್ಲೂ ಹೇಳ್ಬೇಡಿ ಅಂದ್ಲು. ಒಂದು ಪೈಸೆ ಮುಟ್ಟಲಿಲ್ಲ. ಅವಳ ಕೈಯಿಂದ ಕೆಟ್ಟದ್ದು ಬರುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

ಸಾಲೇಹಾಳ ಕೈಯಿಂದ ಬರುತ್ತೆ ಅಂತ ಹೇಗೆ ಹೊಳೆಯಿತು ಎಂದು ರಮ್ಯಶ್ರೀ ಕೇಳಲಿಲ್ಲ. ವೆಂಕಟಮ್ಮನ ಮುಖ ನೋಡಿದರೆ ಆ ಪ್ರಶ್ನೆ ಅವಳಿಗೇ ಬಂದಂತಿತ್ತು.

ನವೆಂಬರ್ 13, ಗುರುವಾರ, ಬೆಳಿಗ್ಗೆ 11. ಅಲ್ಲಿನ ಠಾಣೆಗೆ ತಿಳಿಸಿ ರಮ್ಯಶ್ರೀಯ ತಂಡ ದೊಡ್ಡನೆಕ್ಕುಂದಿಯಲ್ಲಿ ಶೀಬಾ ಕೆಲಸ ಮಾಡುವ ರಫ್ತು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಯಿತು. ವ್ಯವಸ್ಥಾಪಕರು ತಡಮಾಡದೆ ಕಡತ ತಂದಿಟ್ಟರು. ಸೆಪ್ಟೆಂಬರಿನಲ್ಲಿ ಆ ಕೆಂಪು ಬಟ್ಟೆಯ ಮಾದರಿ ಅಂಗಿಗಳನ್ನು ಹೊರದೇಶದ ಖರೀದಿದಾರರ ಪ್ರಯೋಗಾಲಯ ತಿರಸ್ಕರಿಸಿತ್ತು. ಉಳಿದ ಬಟ್ಟೆಯ ಥಾನುಗಳನ್ನು ಚೂರು ಮಾಡಿ ನಾಶಪಡಿಸಬೇಕೆಂದು ಆದೇಶ. 'ಅಕ್ಟೋಬರ್ 9ರಂದು ನನ್ನ ಸಮಕ್ಷಮ ಪೂರ್ಣ ನಾಶಪಡಿಸಲಾಗಿದೆ' ಎಂಬ ಪ್ರಮಾಣಪತ್ರದ ಕೆಳಗೆ ಗುಣಮಟ್ಟ ವಿಭಾಗದ ಮೇಲ್ವಿಚಾರಕಿ ಶೀಬಾಳ ಸಹಿ ಇತ್ತು.

ಚೂರು ಮಾಡುವ ಯಂತ್ರ ಎಲ್ಲಿ ಎಂದು ಮುನಿರಾಜಪ್ಪ ಕೇಳಿ, ಹಿಂದಿನ ಶೆಡ್ಡಿಗೆ ಹೋಗಿ ಬಂದ. ಗೋಡೆಗೆ ನೇತುಹಾಕಿದ್ದ ರಿಪೇರಿ ಚೀಟಿಯನ್ನೇ ಕೈಯಲ್ಲಿ ಹಿಡಿದಿದ್ದ. ಯಂತ್ರ ಅಕ್ಟೋಬರ್ 6ರಿಂದ 14ರವರೆಗೆ ಕೆಟ್ಟು ನಿಂತಿತ್ತು.

ಶೀಬಾಳನ್ನು ಕರೆಸಿದರು. ನಲವತ್ತೆಂಟರ, ಗಟ್ಟಿ ನಡಿಗೆಯ ಹೆಂಗಸು. ಸೀರೆಯ ಮೇಲೆ ಮುಚ್ಚು ಕತ್ತಿನ ಕೆಂಪು ರವಿಕೆ. ಕತ್ತಿನ ಪಟ್ಟಿಯ ಮೇಲಕ್ಕೆ, ಕಿವಿಯ ಕೆಳಗಿನವರೆಗೆ, ಚರ್ಮ ಹಕ್ಕಳೆ ಎದ್ದಿತ್ತು. ರಮ್ಯಶ್ರೀ ಅವಳನ್ನು ಕೂರಲು ಹೇಳಿದಳು.

"ಈ ರವಿಕೆ ಎಷ್ಟು ದಿನದಿಂದ ತೊಡ್ತಿದ್ದೀರಾ?"

"ಹದಿನೈದು ದಿನ."

"ಉರಿಯಲ್ವಾ?"

"ಉರಿಯುತ್ತೆ."

"ಮತ್ತೆ ಯಾಕೆ?"

ಶೀಬಾ ಗಾಜಿನ ಗೋಡೆಯಾಚೆ ಸಾಲು ಯಂತ್ರಗಳ ಕಡೆ ನೋಡಿದಳು. ಯಂತ್ರಗಳ ಸದ್ದು ಒಳಗೂ ಕೇಳುತ್ತಿತ್ತು. ಅವಳು ನಿರಾಕರಿಸಲಿಲ್ಲ. ಉಳಿದ ಬಟ್ಟೆ ಮನೆಯ ಮಂಚದ ಕೆಳಗಿದೆ, ಬೇರೆ ಯಾರಿಗೂ ಕೊಟ್ಟಿಲ್ಲ ಎಂದಳು. 3.20ಕ್ಕೆ ಕೆ.ಆರ್. ಪುರಂನ ಆ ಮನೆಯಲ್ಲಿ ಪಂಚನಾಮೆ ನಡೆದು ಥಾನುಗಳು ವಶವಾದವು. ಅಲ್ಲಿಯೇ ಲೈಬಾ, ಬಂಧನದ ಕಾರಣವನ್ನು ಓದಿ ಹೇಳಿ ಅವಳನ್ನು ಬಂಧಿಸಿದಳು. ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ದಕ್ಕೆ ಇನ್ನೊಂದು ಕಲಂ ಸೇರಿತು. ಕಾರ್ಖಾನೆಯ ವ್ಯವಸ್ಥಾಪಕರಿಗೂ ನೋಟಿಸು ಹೋಯಿತು.

ಸಾಲೇಹಾಳಿಗೆ ಫೋನು ಮಾಡುವ ಕೆಲಸವನ್ನು ರಮ್ಯಶ್ರೀ ಯಾರಿಗೂ ಬಿಡಲಿಲ್ಲ. ಜೀಪಿನಿಂದಲೇ ಅವಳ ಅಂಗಡಿಯ ಮಾಲೀಕನ ಹತ್ತಿರವೂ ಮಾತಾಡಿ, ಆ ಹೆಂಗಸು ಈ ಕೇಸಿನಲ್ಲಿ ನಮ್ಮ ಸಾಕ್ಷಿ, ಆರೋಪಿಯಲ್ಲ ಎಂದು ಎರಡು ಸಲ ಹೇಳಿದಳು. ಜೋಗುಪಾಳ್ಯದ ಮೊಬೈಲುಗಳಿಗೆ ಅದನ್ನು ತಲುಪಿಸುವ ಹೊಣೆ ವೆಂಕಟಮ್ಮನದು. ಸಂಘದವರನ್ನೆಲ್ಲ ಕೂರಿಸಿಕೊಂಡು ಅವಳು ಅದನ್ನು ಸ್ವಂತ ದನಿಯಲ್ಲಿ ಹೇಳಿ ಕಳಿಸಿದಳೆಂದು ಸಂಜೆಯ ಹೊತ್ತಿಗೆ ತಿಳಿಯಿತು.

4.45ಕ್ಕೆ ಠಾಣೆಯ ಒಳಕೋಣೆಯಲ್ಲಿ ಹೇಳಿಕೆ. ಲೈಬಾ ತಂದುಕೊಟ್ಟ ಹತ್ತಿಯ ಹಳೆಯ ಕುರ್ತಾವನ್ನು ಶೀಬಾ ತೊಟ್ಟಿದ್ದಳು. ಅಮೃತಮ್ಮ ಹೇಗಿದ್ದಾಳೆ ಎಂದು ಮೊದಲು ಕೇಳಿದಳು. ವಾರ್ಡಿಗೆ ಬಂದಿದ್ದಾಳೆ, ಗಂಜಿ ಕುಡಿದಳು ಎಂದು ರಮ್ಯಶ್ರೀ ಹೇಳಿದ ಮೇಲೆ ಅವಳ ಹೆಗಲು ಸಡಿಲವಾಯಿತು.

"ಆ ಬಟ್ಟೇನ ನನ್ನ ಲೈನಿನ ಹೆಣ್ಣುಮಕ್ಕಳು ಹನ್ನೊಂದು ದಿನ ಹೊಲಿದ್ರು ಮೇಡಂ. ಕಣ್ಣು ಉರಿಯುತ್ತೆ ಅಂದ್ರು, ಏನೂ ಆಗಲ್ಲ ಅಂದೆ. ಇಪ್ಪತ್ತೊಂದು ವರ್ಷದಿಂದ ಅದನ್ನೇ ಹೇಳ್ತಿದೀನಿ. ನಂಗೂ ಮೊದಲು ಯಾರೋ ಹಂಗೇ ಹೇಳಿದ್ರು. ಆಮೇಲೆ ಹೊರದೇಶದಿಂದ ಕಾಗದ ಬಂತು, ಅಲ್ಲಿ ಹೆಂಗಸರು ಮೈಮೇಲೆ ಹಾಕ್ಕೊಳ್ಳೋ ಹಾಗಿಲ್ಲ, ಚೂರು ಮಾಡಿ ಅಂತ. ಚೂರು ಮಾಡಿದ್ರೆ ನಾನು ಹೇಳಿದ್ದೆಲ್ಲ ಸುಳ್ಳು ಅಂತಾಗುತ್ತಲ್ಲ." ಅವಳು ಕತ್ತನ್ನು ಮುಟ್ಟಿಕೊಂಡಳು. "ಹದಿನೆಂಟು ಜನ ತೊಟ್ಟು ನಗ್ತಾ ಓಡಾಡಿದ್ರೆ, ನಾನೂ ತೊಟ್ರೆ, ಏನೂ ಆಗಲ್ಲ ಅನ್ನೋದು ನಿಜ ಆಗುತ್ತೆ ಅನ್ಕೊಂಡೆ."

ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಹಣ, ಹಗೆ, ಕಾಮ ಎಂದು ರಮ್ಯಶ್ರೀ ಎಷ್ಟೋ ಸಲ ಬರೆದಿದ್ದಳು. ಇದಕ್ಕೆ ಒಂದು ಪದ ಸಿಗಲಿಲ್ಲ. ಅವಳು ಶೀಬಾಳ ಮಾತನ್ನೇ ಹೇಳಿದ ಹಾಗೆ ಇಳಿಸಿಕೊಂಡಳು.

ಸಹಿ ಹಾಕಿದ ಮೇಲೂ ಶೀಬಾ ಏಳಲಿಲ್ಲ.

"ನಮ್ಮ ಲೈನಿನವರನ್ನೂ ಡಾಕ್ಟರಿಗೆ ತೋರಿಸ್ತೀರಾ?"

"ಕಾರ್ಖಾನೆ ಇಲಾಖೆಗೆ ಇವತ್ತೇ ಬರೀತೀನಿ. ಹೆಸರು ಬೇಕು."

ಶೀಬಾ ಕಣ್ಣು ಮುಚ್ಚಿಕೊಂಡಳು. ಮೊದಲ ಯಂತ್ರದಿಂದ ಶುರುಮಾಡಿ, ಕಾಲರ್ ಹಾಕುವವಳು, ತೋಳು ಸೇರಿಸುವವಳು, ಗುಂಡಿ ಕೂರಿಸುವವಳು, ಹೀಗೆ ಕೂತ ಸಾಲಿನಲ್ಲೇ ಒಬ್ಬೊಬ್ಬಳ ಹೆಸರನ್ನೂ ತಡವರಿಸದೆ ಹೇಳುತ್ತ ಹೋದಳು. ಯಾರಿಗೆ ಕೆಮ್ಮು, ಯಾರ ಬೆರಳು ಬಿರಿದಿದೆ, ಯಾರು ಈಗ ಬಸುರಿ ಎಂಬುದೂ ಅವಳಿಗೆ ಗೊತ್ತಿತ್ತು. ನಲವತ್ತಮೂರು ಹೆಸರು. ರಮ್ಯಶ್ರೀ ಒಂದನ್ನೂ ಬಿಡದೆ ಬರೆದುಕೊಂಡಳು.