ನಲವತ್ತು ಸೆಕೆಂಡು, ಕೆಲಸಕ್ಕೆ ಬಾರದು

"ಅಲ್ಲಾಡಬೇಡಿ! ನೀವು ಅಲ್ಲಾಡಿದ್ರೆ ನಿಮ್ಮ ದೇವರೂ ಅಲ್ಲಾಡಿಬಿಡ್ತಾನೆ!"

ಪ್ರಯೋಗಕ್ಕೆ ಒಪ್ಪಿ ಬಂದಿದ್ದ ಬಡಗಿಯ ತಲೆಗೆ ಕೊನೆಯ ತಂತಿಯನ್ನು ಅಂಟಿಸುತ್ತಾ ಅವಳು ಗದರಿದಳು. ಮಿದುಳಿನ ಅಲೆಗಳನ್ನು ದಾಖಲಿಸುವುದು ಅವಳ ಕೆಲಸ. ಪ್ರಾರ್ಥಿಸುವವರ ಮಿದುಳಿನಲ್ಲಿ ಏನು ನಡೆಯುತ್ತದೆಂಬುದು ಆ ಪ್ರಯೋಗಾಲಯದ ಹುಡುಕಾಟ. ಅವನ ಕೂದಲಿಗಂಟಿದ್ದ ಮರದ ಹೊಟ್ಟನ್ನು ಬಿಡಿಸುವಾಗ ಅವಳ ಬೆರಳು ಯಾಕೋ ತಡವರಿಸಿತು...

"ದೇವರು ಸಿಕ್ಕಿಬಿದ್ರೆ ನನಗೂ ಒಂದು ಪ್ರತಿ ಕೊಡಿ, ಮೇಡಂ."

"ಸಿಕ್ಕೇ ಸಿಗ್ತಾನೆ. ನಾವು ಎಲ್ಲಾ ಅಳೆದು ಮುಗಿಸಿದ ಮೇಲೆ, ಪಾಪ, ಅವನಿಗೆ ಕೆಲಸವೇ ಇರಲ್ಲ!"

ಅವನು ನಕ್ಕು, ಪ್ರಾರ್ಥನೆಗೆಂದು ಕಣ್ಣು ಮುಚ್ಚಿದ. ಅವಳು ದೀಪ ಆರಿಸಿ, ಮೇಜಿನ ಪುಟ್ಟ ಬೆಳಕಿಗೆ ಬಾಗಿದಳು.

ಕಾಗದದ ಮೇಲೆ ಗೆರೆಗಳು ಓಡತೊಡಗಿದವು. ಪ್ರತಿಯೊಂದು ಅಡಚಣೆಯನ್ನೂ ಅಂಚಿನಲ್ಲಿ ಬರೆದಿಡುವುದು ರೂಢಿ: ಕೆಮ್ಮಿದರು, ಉಗುಳು ನುಂಗಿದರು. ಹತ್ತನೆಯ ನಿಮಿಷದಲ್ಲಿ ಗೆರೆಗಳೆಲ್ಲ ಒಮ್ಮೆಲೇ ಕುಣಿದಾಡಿದವು. ತಲೆಯೆತ್ತದೆಯೇ ಅವಳು ಬರೆದಳು: 'ಕಣ್ಣಿನ ಚಲನೆ. ನಲವತ್ತು ಸೆಕೆಂಡು. ಕೆಲಸಕ್ಕೆ ಬಾರದು.' ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಳು.

ದೀಪ ಹಾಕುವಷ್ಟರಲ್ಲಿ ಅವನು ಮುಖ ಒರೆಸಿಕೊಂಡಿದ್ದ.

ಅವಳ ಕುಂಟು ಕುರ್ಚಿಯನ್ನು ಸರಿಪಡಿಸುವ ನೆಪದಲ್ಲಿ ಅವನು ಮತ್ತೆ ಬಂದ. ಕುರ್ಚಿ ನೆಟ್ಟಗಾದ ಮೇಲೂ ಬರುತ್ತಲೇ ಇದ್ದ. ಏಳು ತಿಂಗಳ ಬಳಿಕ, ಮದುವೆಯ ಮಾತು ತುಟಿಯವರೆಗೆ ಬಂದಿದ್ದ ಒಂದು ಮಧ್ಯಾಹ್ನ, ಅವಳು ಹೆಮ್ಮೆಯಿಂದ ಆ ಕಾಗದವನ್ನು ಅವನ ಮುಂದೆ ಹಿಡಿದಳು.

"ತಗೋ, ನಿನ್ನ ಪ್ರತಿ!"

ಅವನ ಬೆರಳು ಕೆಂಪು ಗೆರೆಯ ಮೇಲೆ ನಿಂತಿತು.

"ಇದು... ಕೆಲಸಕ್ಕೆ ಬಾರದ್ದಾ?"

"ಹೂಂ. ಕಣ್ಣು ಅಲುಗಿದ್ರೆ ಆ ಭಾಗ ಕಸ. ಎಲ್ಲರದ್ದೂ ಹಾಗೇ ಕಣೋ."

"ನಾನು ಅತ್ತಿದ್ದೆ." ಅವನು ಕಾಗದವನ್ನು ಮೇಜಿನ ಮೇಲಿಟ್ಟ. "ನನ್ನ ಸಾಕಿದ ಅಕ್ಕ ತೀರಿಹೋಗಿ ಮೂರು ವಾರ ಆಗಿತ್ತು. ಮಿಕ್ಕ ಹೊತ್ತೆಲ್ಲ ಸುಮ್ನೆ ಕೂತಿದ್ದೆ. ನಾನು ನಿಜವಾಗಿ ಇದ್ದದ್ದು ಇಲ್ಲಿ, ಈ ಗೆರೆ ಅಡಿಯಲ್ಲಿ! ನೀನು ಎದುರಿಗೇ ಇದ್ದೆ... ಮುಖ ನೋಡಲಿಲ್ಲ."

"ಅದು ನಿಯಮ..."

"ಇರಲಿ ಬಿಡು."

ಕಾಗದವನ್ನು ಅಲ್ಲೇ ಬಿಟ್ಟು ಅವನು ಹೊರಟುಹೋದ. ಅವಳು ತಡೆಯಲಿಲ್ಲ. 'ಅವನಿಗೇನು, ದೇವರಿದ್ದಾನೆ. ನನ್ನ ಹಂಗೇಕೆ?'

ಆ ವರ್ಷದ ಚಳಿಗಾಲದಲ್ಲಿ ಅವಳ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಸಿಗೆಯ ಪಕ್ಕದ ಯಂತ್ರದ ಪ್ರತಿ ಅಂಕಿಯೂ ಅವಳಿಗೆ ಅರ್ಥವಾಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಅಪ್ಪ ಕಿಟಕಿಯತ್ತ ನೋಡಿ ನಕ್ಕರು.

'ಏನು ಕಂಡಿತಪ್ಪಾ ನಿಮಗೆ?'

ಅದು ಯಾವ ಅಂಕಿಯಲ್ಲೂ ಇರಲಿಲ್ಲ...

ಒಂದು ವಾರದ ನಂತರ ಅವಳು ಮರಗೆಲಸದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಹಲಗೆ ಹೆರೆಯುತ್ತಿದ್ದ ಅವನ ಕೈ ತಟಕ್ಕನೆ ನಿಂತಿತು.

"ಅಪ್ಪ ಹೋಗಿಬಿಟ್ರು. ಕೊನೇಲಿ ಕಿಟಕಿ ಕಡೆ ನೋಡಿ ನಕ್ರು. ಪ್ರಾರ್ಥನೆ ಮಾಡೋಣ ಅಂತ ಕೂತೆ... ನನಗೆ ಬರಲೇ ಇಲ್ಲ. ನಿನಗಾದ್ರೂ ದೇವರಿದ್ದ."

"ಎಲ್ಲಿದ್ದ?" ಅವನು ಮೆಲ್ಲಗೆ ಕೇಳಿದ. "ಆ ನಲವತ್ತು ಸೆಕೆಂಡು ಕರೆದೆ. ಯಾರೂ ಬರಲಿಲ್ಲ ಅಂತಲೇ ಅತ್ತಿದ್ದು. ಅವತ್ತಿಂದ ನಾನೂ ಪ್ರಾರ್ಥನೆ ಮಾಡಿಲ್ಲ."

'ಅಯ್ಯೋ! ಇವನೂ ಒಬ್ಬನೇ ಇದ್ದನೇ, ಇಷ್ಟು ದಿನವೂ?'

ಅವಳು ಆ ಕಾಗದವನ್ನು ಚಾಚಿದಳು. ಕೆಂಪು ಗೆರೆ ಅಳಿಸುವಂಥದ್ದಲ್ಲ. ಅದರ ಕೆಳಗೆ ಹೊಸ ಶಾಯಿಯಲ್ಲಿತ್ತು: 'ಅತ್ತರು. ಯಾಕೆಂದು ನಾನು ಕೇಳಲಿಲ್ಲ.'

ಅವನು ಅದನ್ನು ಓದಿದ. ಬಳಿಕ ಬೆಂಚಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಸರಿಸಿ ಜಾಗ ಮಾಡಿದ.

"ಕೂತ್ಕೋ. ಅಪ್ಪ ಹೇಗೆ ನಕ್ರು, ಹೇಳು."

"ಹೇಳೋಕೆ ಬರಲ್ಲ ಕಣೋ..."

"ಪರವಾಗಿಲ್ಲ. ನಾನು ನಿನ್ನ ಮುಖ ನೋಡ್ತಿರ್ತೀನಿ."