ಭಾನುವಾರದ ಸಕ್ಕರೆ

ಭರಮಪ್ಪನಿಗೆ ಭಾನುವಾರ ಮಾತಾಡಲು ಯಾರೂ ಇರಲಿಲ್ಲ. ಸುಕೃತಿಗೆ ಇದು ಗೊತ್ತಿರಲಿಲ್ಲ.

ಬೊಮ್ಮಸಂದ್ರದ ಔಷಧಿ ಕಂಪನಿಯೊಂದರಲ್ಲಿ ಇಬ್ಬರಿಗೂ ಕೆಲಸ. ನೀರಿನ ಪೈಪಿನೊಳಗೆ ಬ್ಯಾಕ್ಟೀರಿಯಾ ಕಟ್ಟುವ ಲೋಳೆಯನ್ನು ಗದಗ ಕಡೆಯ ಭರಮಪ್ಪ ಗಾಜಿನ ಪಟ್ಟಿಗಳ ಮೇಲೆ ಬೆಳೆಸಿ ಅಳೆಯುತ್ತಿದ್ದ. ಅದೆಷ್ಟು ದಪ್ಪವಾಗುತ್ತದೆಂದು ಸುಕೃತಿ ಸಮೀಕರಣ ಬರೆದು ಮೊದಲೇ ಹೇಳಬೇಕಿತ್ತು.

ಲೋಳೆಗೆ ಆಹಾರವಾಗಿ ಬಾಟಲಿಯಿಂದ ಸಕ್ಕರೆ ನೀರು ಹರಿಯುತ್ತಿತ್ತು. ಬಂದ ಸಕ್ಕರೆಯನ್ನೆಲ್ಲ ಮೇಲ್ಪದರವೇ ತಿಂದುಬಿಡುತ್ತದೆ. ತಳದಲ್ಲಿದ್ದವಕ್ಕೆ ಉಪವಾಸ. ಶನಿವಾರ ಆ ಬಾಟಲಿ ಖಾಲಿ, ಭಾನುವಾರ ಲ್ಯಾಬಿಗೆ ರಜೆ, ಬೆಳವಣಿಗೆ ನಿಲ್ಲಬೇಕು. ನಿಲ್ಲುತ್ತಿರಲಿಲ್ಲ. ಪ್ರತಿ ಸೋಮವಾರ ಲೋಳೆ ಅವಳ ಗ್ರಾಫನ್ನು ದಾಟಿರುತ್ತಿತ್ತು.

ಗುರುವಾರ ರಿವ್ಯೂ. ಅವಳ ಸಮೀಕರಣದ ಮಾಡೆಲ್ ಅಳತೆಗೆ ಹೊಂದದಿದ್ದರೆ ಅವಳ ಕೆಲಸ ಹೋದಂತೆ.

"ನಿಮ್ಮ ಅಳತೆನೇ ತಪ್ಪು," ಎಂದಳು ಸುಕೃತಿ ಆ ಸೋಮವಾರವೂ, ಅವನ ಪಕ್ಕ ಸ್ಟೂಲ್ ಎಳೆದುಕೊಂಡು.

"ಮೂರು ಸಲ ನೋಡೇನ್ರೀ ಮೇಡಂ."

"ಹಾಗಾದ್ರೆ ನಿಮ್ಮ ಬ್ಯಾಕ್ಟೀರಿಯಾಗೆ ನಾಚಿಕೆ ಇಲ್ಲ. ಊಟ ಇಲ್ದೆ ದಪ್ಪ ಆಗ್ತಾವೆ."

ಅವನು ನಗಲಿಲ್ಲ. ಒಮ್ಮೆ ಅವಳ ಮುಖ ನೋಡಿ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಕಿವಿ ಕೆಂಪಾಗಿತ್ತು.

"ಭರಮಪ್ಪ, ಏನ್ ಮಾಡಿದ್ರಿ?"

"ಭಾನುವಾರ ಬಂದು ಬಾಟ್ಲಿ ತುಂಬಸ್ತಿದ್ದೆ."

"ಯಾಕ್ರೀ?"

"ತಳದಾಗಿನವು ಸತ್ತಿದ್ದು ತೋರಿಸಿದಾಗ ನೀವು 'ಪಾಪ' ಅಂದ್ರಿ. ಒಂದಿನದ ಸಕ್ಕರಿಯಿಂದ ಏನಾಗ್ತೈತಿ ಅಂದ್ಕೊಂಡೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರ ಲೆಕ್ಕ ಸರಿ ಆಗ್ತಿತ್ತು. ಸೋಮವಾರ ನೀವು ಜಗಳಕ್ಕ ಬಂದು ಇಲ್ಲಿ ಕುಂದ್ರೋದು ನಿಲ್ತಿತ್ತು."

ಅವಳಿಗೆ ಸಿಟ್ಟು ಬಂತು. ನಾಗಸಂದ್ರದಿಂದ ಮೆಟ್ರೋದಲ್ಲಿ ನಿಂತು ಬರುವಾಗಲೂ ಇದೇ ಲೆಕ್ಕ ತಿದ್ದಿದ್ದಳು. ಆದರೂ ಸ್ಟೂಲಿನಿಂದ ಏಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಭಾನುವಾರದ ಸಕ್ಕರೆಯನ್ನು ಸಮೀಕರಣಕ್ಕೆ ಸೇರಿಸಿದಳು. ಗೆರೆ ಅವನ ಅಳತೆಯ ಚುಕ್ಕಿಗಳ ಮೇಲೆಯೇ ಹಾದುಹೋಯಿತು.

"ಇದನ್ನ ತೋರಸ್ರಿ," ಎಂದ.

"ತೋರಿಸಿದ್ರೆ ಯಾರು ತುಂಬಿಸಿದ್ದು ಅಂತ ಕೇಳ್ತಾರೆ. ನಾನು ಹೇಳಲ್ಲ."

"ನಾ ಹೇಳ್ತೇನ್ರೀ. ನಿಮ್ಮ ಲೆಕ್ಕ ಮೊದಲಿಂದಾನೂ ಸರಿ ಇತ್ತು."

ಗುರುವಾರ ರಿವ್ಯೂನಲ್ಲಿ ಅವನೇ ಎದ್ದು ಹೇಳಿದ. ಮಾಡೆಲ್ ಸರಿಯಿದೆಯೆಂದು ಅವಳನ್ನು ಉಳಿಸಿಕೊಂಡರು. ಅನುಮತಿಯಿಲ್ಲದೆ ಸಕ್ಕರೆ ಹಾಕಿದ್ದರಿಂದ ಅಳತೆಗಳನ್ನೆಲ್ಲ ರದ್ದು ಮಾಡಿ, ಅವನನ್ನು ದೊಡ್ಡನೆಕ್ಕುಂದಿಯ ಗೋಡೌನಿಗೆ ಹಾಕಿದರು.

ಅವನು ಬ್ಯಾಗ್ ಹೆಗಲಿಗೇರಿಸಿದಾಗ ಅವಳು ಗೇಟಿನ ತನಕ ಬಂದಳು.

"ಇನ್ಮೇಲೆ ಭಾನುವಾರ ಏನ್ ಮಾಡ್ತೀರಿ?"

"ಏನಿಲ್ರೀ."

"ನಮ್ಮನೆಗೆ ಊಟಕ್ಕೆ ಬನ್ನಿ."

ಅವನು ಬ್ಯಾಗಿನ ಪಟ್ಟಿ ಹಿಡಿದು ನಿಂತ. "ಮನ್ಯಾಗ ಯಾರಂತ ಹೇಳ್ತೀರಿ?"

"ನನ್ನ ಲೆಕ್ಕ ಕೆಡಿಸಿದವರು ಅಂತ."

"ಅಷ್ಟೇನಾ?"

"ಉಳಿದದ್ದು ನಿಮ್ಮ ಮುಖ ನೋಡಿದ್ರೆ ಅಮ್ಮಂಗೇ ಗೊತ್ತಾಗುತ್ತೆ. ನನ್ನ ಮುಖ ನೋಡಿ ಆಗ್ಲೇ ಅರ್ಧ ಗೊತ್ತಾಗಿದೆ."

ಈ ಸಲ ಅವನು ನಕ್ಕ.

ಸಂಜೆ ಅವಳು ಒಬ್ಬಳೇ ಗಾಜಿನ ಪಟ್ಟಿಗಳನ್ನು ಬ್ಲೀಚಿಗೆ ಹಾಕಿ ತೊಳೆದಳು. ಹೋದದ್ದು ಹನ್ನೆರಡು ಪಟ್ಟಿಯ ಲೋಳೆ, ಒಂದೂವರೆ ತಿಂಗಳ ಅಳತೆ, ಭರಮಪ್ಪನ ಲ್ಯಾಬ್ ಕೆಲಸ.