ಕುನ್ಮಿಂಗ್ ಸ್ಟೇಷನ್ನಿನಲ್ಲಿ ಒಡ್ಡಿದ ಅಂಗೈ

"ಆ ಟ್ರೇ ಒಳಗೆ ಇದನ್ನ ಇಡಕ್ಕಾಗಲ್ಲ ಮೇಡಂ... ಆಗಲ್ಲ ಅಂದ್ರೆ ಆಗಲ್ಲ!"

ಚೀನಾ ದೇಶದ ಕುನ್ಮಿಂಗ್ ರೈಲು ನಿಲ್ದಾಣದ ಗದ್ದಲದ ನಡುವೆ ಅಚ್ಚ ಗುಂಡ್ಲುಪೇಟೆ ಸೀಮೆಯ ಕನ್ನಡ! ತಪಾಸಣೆಯ ಬಾಗಿಲು ದಾಟಿ ನಿಂತಿದ್ದ ಕಾವ್ಯಶ್ರೀ ಬೆಚ್ಚಿ ತಿರುಗಿದಳು.

ಎತ್ತರದ ಹುಡುಗನೊಬ್ಬ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ನಿಂತಿದ್ದ. ಕಾವಲಿನ ಹೆಂಗಸು ಯಂತ್ರವನ್ನು ಅವನೆದೆಯ ಹತ್ತಿರ ತಂದಾಗಲೆಲ್ಲ ಅದು ಕಿರುಚುತ್ತಿತ್ತು. ಕರಡಿಗೆಯನ್ನು ತೆಗೆಸಿ ಒಳಗಿದ್ದ ಇಷ್ಟಲಿಂಗವನ್ನು ಅವಳು ನೋಡಿಯೂ ಆಗಿತ್ತು. ಈಗ ಅದನ್ನು ಟ್ರೇಯಲ್ಲಿಟ್ಟು ಬಾ ಎಂದು ಬೆರಳು ತೋರಿಸುತ್ತಿದ್ದಳು. ಟ್ರೇಯಲ್ಲಿ ಯಾರದೋ ಬೆಲ್ಟು, ಯಾರದೋ ಧೂಳು ಹಿಡಿದ ಚೀಲ.

ಅವನು ಗುರುಪಾದಸ್ವಾಮಿ. ಕಾವ್ಯಶ್ರೀ ಡಾಕ್ಟರ್ ಓದಲು ಸೇರಿದ್ದ ಕಾಲೇಜಿನಲ್ಲೇ ಒಂದು ವರ್ಷ ಮುಂದಿನವನು; ಅವಳು ಅವನನ್ನು ಕಂಡದ್ದು ಅಂದೇ ಮೊದಲು. ಅವನ ರೂಮಿನ ದಾನಿಶ್, ಇವಳ ರೂಮಿನ ನಗ್ಮಾ ಇಬ್ಬರೂ ಗುಂಡ್ಲುಪೇಟೆಯವರು. ಹೊಸಬರಿಗೆ ಊರು ತೋರಿಸೋಣವೆಂದು ಅವರಿಬ್ಬರೇ ಸೇರಿ ಹೊರಡಿಸಿದ್ದ ಮೊದಲ ಪ್ರವಾಸ ಅದು.

"ಲೇ ಗುರು, ಟ್ರೈನು ಓಯ್ತದೆ ಕಣ್ಲಾ! ಇಟ್ಬುಟ್ಟು ಬಾರ್ಲಾ!" ಎಂದು ದಾನಿಶ್ ಕೂಗಿದ.

ಗುರು ಮಿಸುಕಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

ಆ ನೀರು ಕಂಡದ್ದೇ ಕಾವ್ಯಶ್ರೀ ಎರಡು ಹೆಜ್ಜೆ ಹಿಂದಕ್ಕೆ ಬಂದಳು. ದುಪಟ್ಟದ ಅಂಚನ್ನು ಬಲಗೈ ಮೇಲೆ ಹಾಸಿ, ಅಂಗೈ ಒಡ್ಡಿದಳು.

"ಇಲ್ಲಿ ಕೊಡಿ. ನಾನೂ ಲಿಂಗ ಕಟ್ಟಿರೋಳೇ. ನಂದು ಬಟ್ಟೇಲಿದೆ, ಅದಕ್ಕೇ ಕೂಗ್ಲಿಲ್ಲ."

ಅವನು ಅವಳ ಮುಖ ನೋಡಿದ. ಅಂಗೈ ನೋಡಿದ. ಶಿವದಾರವನ್ನು ತಲೆಯಿಂದ ಬಿಡಿಸಿ ಮೆಲ್ಲಗೆ ಇಟ್ಟ.

"ಜೋಪಾನ ಕಣ್ರೀ... ನನ್ನ ಜೀವ ಅದು."

ಅವನ ಎದೆಯ ಬಿಸಿ ಇನ್ನೂ ಆರದ ಬೆಳ್ಳಿ! ಅವಳ ಅಂಗೈ ಮಾತ್ರವಲ್ಲ, ಮೈಯೆಲ್ಲ ಬೆಚ್ಚಗಾಯಿತು. ಅವನು ಬಾಗಿಲು ದಾಟಿ ಬರುವಷ್ಟರಲ್ಲಿ ಅವಳು ಉಸಿರಾಡಿದಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ.

"ಯಾವೂರು ನಿಮ್ದು?"

"ಉಡಿಗಾಲ... ಚಾಮರಾಜನಗರದ ಹತ್ರ."

"ಅಯ್ಯೋ! ನಾನು ಭೀಮನಬೀಡು! ಪಕ್ಕದ ತಾಲೂಕಲ್ಲಿದ್ದೂ ಕಾಣ್ದೋರು ಇಲ್ಲಿಗಂಟ ಬಂದು ಸಿಕ್ಕಿದ್ವಾ?"

ಅವನು ನಕ್ಕ. ಅವಳು ತಲೆ ತಗ್ಗಿಸಿದಳು.

ಕಾವ್ಯಶ್ರೀ ಅಜ್ಜಿ ಮಲ್ಲಾಜಮ್ಮನ ಕಥೆಗಳಲ್ಲೇ ಬೆಳೆದ ಹುಡುಗಿ. ಅವುಗಳಲ್ಲಿ ಒಂದು ಮಾತ್ರ ಅವಳ ಎದೆಯಲ್ಲಿ ಬೇರು ಬಿಟ್ಟಿತ್ತು. ತುಂಬಿದ ಹೊಳೆ. ಆಚೆ ದಡದ ಬಳಿ ಮುಳುಗುತ್ತಿರುವ ಮಗು. ದಾರಿಹೋಕನೊಬ್ಬ ನೀರಿಗಿಳಿಯುವ ಮುನ್ನ ತನ್ನ ಲಿಂಗವನ್ನು ದಡದಲ್ಲಿದ್ದ ಹೆಣ್ಣೊಬ್ಬಳ ಕೈಗಿಟ್ಟು, 'ಬರೋವರೆಗೂ ಹಿಡಿದಿರು' ಎಂದನಂತೆ. ಅವಳು ಹಿಡಿದೇ ನಿಂತಳಂತೆ. ಮಳೆ ಹೋಗಿ ಬಿಸಿಲು ಬಂತಂತೆ. ಅವಳ ಅಂಗೈಯಲ್ಲಿ ಬಿಲ್ವದ ಸಸಿ ಚಿಗುರಿತಂತೆ, ಆದರೂ ಅವಳು ಕೈ ಮಡಚಲಿಲ್ಲವಂತೆ.

"ಅವ್ನು ಬಂದ್ನಾ ಅಜ್ಜಿ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

"ಮನಿಕ್ಕೋ ಕಣಮ್ಮಿ. ಲಿಂಗ ಮೈ ಬುಟ್ರೆ ಜೀವ ಬುಟ್ಟಂಗೆ. ಅದ್ನ ಒಬ್ರ ಕೈಗೆ ಕೊಟ್ಟ ಅಂದ್ರೆ ಏನು ಕೊಟ್ಟ ಅಂತ ನೀನೇ ತಿಳ್ಕೊ" ಎಂದು ಅಜ್ಜಿ ಮಗ್ಗುಲು ಬದಲಿಸುತ್ತಿದ್ದಳು.

ತಿಳಿದುಕೊಂಡಿದ್ದಳು ಕಾವ್ಯಶ್ರೀ. ಪೂರ್ತಿಯಾಗಿ ತಿಳಿದುಕೊಂಡಿದ್ದಳು!

ಆಮೇಲೆ ಅದೇ ರೂಢಿಯಾಯಿತು. ರಜೆ ಸಿಕ್ಕಾಗಲೆಲ್ಲ ನಾಲ್ವರೂ ಹೊರಡುವರು. ಯಾವ ನಿಲ್ದಾಣವೇ ಆಗಲಿ, ಕಾವ್ಯಶ್ರೀ ಮೊದಲು ದಾಟಿ ಅಂಗೈ ಒಡ್ಡಿ ನಿಲ್ಲುವಳು. ಗುರು ಏನೂ ಹೇಳದೆ ಶಿವದಾರ ಬಿಡಿಸುವನು.

"ಬೆಳ್ಳಿ ಬುಟ್ಟು ಬಟ್ಟೇಲಿ ಕಟ್ಕೊಂಡ್ರೆ ಈ ತಾಪತ್ರಯ ಇರಲ್ವಲ್ಲೋ!" ಎಂದು ದಾನಿಶ್ ರೇಗಿಸಿದ್ದ.

"ತಾಪತ್ರಯ ಇರ್ಲಿ ಬುಡ್ಲಾ" ಎಂದು ಗುರು ಕಣ್ಣಂಚಿನಲ್ಲಿ ಅವಳನ್ನು ನೋಡಿದ್ದ.

ದಾಲಿಯ ಸರೋವರದ ದಡದಲ್ಲಿ ಬಾಡಿಗೆ ಸೈಕಲ್ ತುಳಿದರು. ಗಾಳಿಗೆ ಅವಳ ದುಪಟ್ಟ ಚಕ್ರಕ್ಕೆ ಸಿಕ್ಕಿದಾಗ ಅವನು ಮಂಡಿಯೂರಿ ಎಳೆ ಎಳೆಯಾಗಿ ಬಿಡಿಸಿದ. ದೊಂಗ್‌ಚುವಾನ್‌ನ ಕೆಮ್ಮಣ್ಣಿನ ಗುಡ್ಡದಲ್ಲಿ ಒಂದು ಹಿಡಿ ಮಣ್ಣೆತ್ತಿ ಮೂಸಿ, "ನಮ್ಮೂರ್ದೇ ವಾಸ್ನೆ ಕಣ್ರೀ" ಎಂದು ಅವಳ ಮೂಗಿನ ಹತ್ತಿರ ಹಿಡಿದ. ಊರಿನ ನೆನಪಾಗಿ ಅವಳು ಅತ್ತಳು. ಮಣ್ಣಾದ ಕೈಯಿಂದ ಅವನು ಕಣ್ಣೊರೆಸಲು ಹೋಗಿ ಕೆನ್ನೆಗೆ ಕೆಂಪು ಬಳಿದ. ಆ ಕೆಂಪನ್ನು ಅವಳು ಸಂಜೆಯವರೆಗೂ ತೊಳೆಯಲಿಲ್ಲ.

ಇಬ್ಬರೂ 'ಪ್ರೀತಿ' ಎಂಬ ಪದವನ್ನು ಬಾಯಿಬಿಟ್ಟು ಆಡಲೇ ಇಲ್ಲ. ಆಡುವ ಅಗತ್ಯವಾದರೂ ಏನಿತ್ತು? ಜೀವವೇ ಅಂಗೈಗೆ ಬಂದು ಹೋಗುತ್ತಿರುವಾಗ!

ಮರುವರ್ಷ ಚಳಿ ಮುಗಿಯುವ ಹೊತ್ತಿಗೆ ಲುವೊಪಿಂಗ್‌ಗೆ ಹೊರಟರು. ಕಣ್ಣು ಹಾಯುವಷ್ಟೂ ಸಾಸಿವೆ ಹೂವಿನ ಹಳದಿ ಬಯಲು ಇರುವ ಊರದು. ಅಂದು ಬೆಳಗ್ಗೆಯಿಂದ ಕಾವ್ಯಶ್ರೀಗೆ ತಿಂಗಳ ಹೊಟ್ಟೆನೋವು. ನಗ್ಮಾ ಬಿಸಿನೀರಿನ ಚೀಲ ಕೊಟ್ಟು, ಮಾತ್ರೆ ನುಂಗಿಸಿ, "ಇವತ್ತು ಬೇಡ ಬಿಡೇ" ಎಂದಿದ್ದಳು. ಕಾವ್ಯಶ್ರೀ ಕೇಳಲಿಲ್ಲ. ಅವನು ಬರುತ್ತಿದ್ದನಲ್ಲ!

ನಿಲ್ದಾಣದಲ್ಲಿ ಎಂದಿನಂತೆ ಮೊದಲು ದಾಟಿದಳು. ದುಪಟ್ಟ ಹಾಸಿದಳು. ಅಂಗೈ ಒಡ್ಡಿದಳು.

ಗುರು ಹತ್ತಿರ ಬಂದ. ಅವಳನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದ. ನಂತರ... ಪಕ್ಕಕ್ಕೆ ತಿರುಗಿದ.

ಅಲ್ಲಿ ನಗ್ಮಾ ತಲೆತುಂಬ ದುಪಟ್ಟ ಹೊದ್ದು ಎರಡೂ ಕೈ ಚಾಚಿ ನಿಂತಿದ್ದಳು. ಗುರು ಅವಳ ಕೈಯಲ್ಲಿ ಕರಡಿಗೆಯನ್ನಿಟ್ಟ.

ಕಾವ್ಯಶ್ರೀಯ ಅಂಗೈ ಗಾಳಿಯಲ್ಲೇ ಉಳಿಯಿತು. ಖಾಲಿ ಅಂಗೈ!

'ನನ್ನ ಕೈಯಿಂದ ಜೀವ ಕಿತ್ತುಕೊಂಡು ಅವಳಿಗೆ ಕೊಟ್ಟುಬಿಟ್ಟ...'

ಆ ಹಳದಿ ಬಯಲಿನಲ್ಲಿ ಎಲ್ಲರೂ ನಗುನಗುತ್ತ ಫೋಟೋ ತೆಗೆಸಿಕೊಂಡರು. ಅವಳ ಕಣ್ಣಿಗೆ ಹೂವು ಕಾಣಲಿಲ್ಲ. "ಇದ್ನ ನೋಡಕ್ಕೆ ಇಷ್ಟು ದೂರ ಬರ್ಬೇಕಾ? ಆಷಾಢದಲ್ಲಿ ನಮ್ಮ ಹೊಲ ನೋಡಿ ಒಂದ್ಸಲ... ಸೂರ್ಯಕಾಂತಿ ಎಲ್ಲಾ ನಿಮ್ಮ ಕಡೆಗೇ ತಿರುಗ್ತದೆ" ಎಂದು ಗುರು ಮೆಲ್ಲಗೆ ಹೇಳಿದ. ಯಾರಿಗೆ ಹೇಳಿದ? ಅವಳು ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಯಾವ ಪ್ರವಾಸಕ್ಕೂ ಹೋಗಲಿಲ್ಲ. ನಗ್ಮಾ ಕೇಳಿದರೆ 'ಓದೋದಿದೆ' ಎಂದು ಪುಸ್ತಕ ತೆರೆಯುವಳು. ಊಟದ ಮನೆಯಲ್ಲಿ ಒಮ್ಮೆ ಅವನು ಎದುರು ಬಂದು ನಿಂತ.

"ಯಾಕೆ ಬರ್ತಿಲ್ಲ ಕಾವ್ಯಾ?"

"ನಾನ್ಯಾಕೆ? ನಗ್ಮಾ ಇದ್ದಾಳಲ್ಲ."

ಅವನ ಮುಖ ಒಂದು ಕ್ಷಣ ಸುಟ್ಟ ಕಾಗದದಂತಾಯಿತು. "ಸರಿ" ಎಂದ. ಅಷ್ಟೇ. ಮತ್ತೆ ಎದುರು ಬರಲಿಲ್ಲ. ಓದು ಮುಗಿಸಿ ಅವನು ಊರಿಗೆ ಹೊರಟ ದಿನ, ಅವಳು ಬಾಗಿಲು ಹಾಕಿಕೊಂಡು ದಿಂಬಿನಲ್ಲಿ ಮುಖ ಹುದುಗಿಸಿದ್ದಳು. ಹೊರಗೆ ಪೆಟ್ಟಿಗೆಯ ಚಕ್ರಗಳ ಸದ್ದು ಅವಳ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು... ಮುಂದೆ ಹೋಯಿತು.

ಅವಳೂ ಓದು ಮುಗಿಸಿ ಉಡಿಗಾಲಕ್ಕೆ ಬಂದಳು. ಹೊರದೇಶದಲ್ಲಿ ಕಲಿತವರು ಇಲ್ಲಿ ಮತ್ತೊಂದು ಪರೀಕ್ಷೆ ಬರೆಯಬೇಕಲ್ಲ, ಪುಸ್ತಕ ತೆರೆದು ಕೂರುವಳು. ಅಕ್ಷರಗಳ ಮೇಲೆ ಹಳದಿ ಹೂವು ಹರಡುವುದು. ಬಲಗೈಯನ್ನು ಸದಾ ಮುಷ್ಟಿ ಕಟ್ಟಿಕೊಂಡಿರುವುದನ್ನು ಅಜ್ಜಿ ಮಾತ್ರ ಗಮನಿಸಿದ್ದಳು.

"ಚಾಮರಾಜನಗರದಿಂದ ಗಂಡಿನ ಕಡೆಯೋರು ಬತ್ತೀವಿ ಅಂತಾವ್ರೆ. ಹುಡ್ಗ ಕಿರಣ್ ಕುಮಾರ್ ಅಂತೆ. ನಿಮ್ಮಪ್ಪ ಕೇಳ್ತಾವ್ನೆ. ಏನ್ ಏಳ್ಲಿ ಕಣಮ್ಮಿ?"

"ಬರ್ಲಿ ಬಿಡಜ್ಜಿ. ಯಾರು ಬಂದ್ರೇನು..."

ಅವರು ಸೋಮವಾರ ಬರುವುದೆಂದಾಯಿತು. ಅದಕ್ಕೆ ಮುಂಚೆಯೇ ಒಂದು ಮಧ್ಯಾಹ್ನ ಬಾಗಿಲಲ್ಲಿ ನಗ್ಮಾ ನಿಂತಿದ್ದಳು! ಕೈಯಲ್ಲಿ ಮದುವೆಯ ಕರೆಯೋಲೆ.

ಕಾವ್ಯಶ್ರೀ ಅದನ್ನು ತೆರೆಯದೆ ಹಿಡಿದು ನಿಂತಳು. ಕೊನೆಗೂ...

"ನನ್ನ ನಿಕಾಹ್ ಕಣೇ! ಯಾರ ಜೊತೆ ಹೇಳು ನೋಡೋಣ?"

"ಗುರು... ಒಪ್ಪಿದ್ರಾ ಮನೆಯಲ್ಲಿ?"

ನಗ್ಮಾ ಕಣ್ಣು ಕಣ್ಣು ಬಿಟ್ಟಳು. "ಗುರುನಾ?! ತೌಬಾ! ಪಾಗಲ್! ದಾನಿಶ್ ಕಣೇ! ಮನೇಲಿ ಒಪ್ಪೋವರ್ಗೂ ಯಾರಿಗೂ ಹೇಳೋದು ಬೇಡ ಅಂದಿದ್ದ. ಗುರು ಯಾಕೆ ಬಂದ ಮಧ್ಯದಲ್ಲಿ?"

ಕಾವ್ಯಶ್ರೀ ಲುವೊಪಿಂಗ್ ದಿನದ ಮಾತೆತ್ತಿದಳು. ಕೇಳುತ್ತ ಕೇಳುತ್ತ ನಗ್ಮಾಳ ಮುಖದ ಬಣ್ಣ ಇಳಿಯಿತು.

"ಅದು... ನಾನೇ ಮಾಡಿದ್ದು ಕಾವ್ಯಾ. ನಮ್ಮಲ್ಲಿ ಆ ದಿನಗಳಲ್ಲಿ ಕುರಾನ್ ಮುಟ್ಟಲ್ಲ, ನಮಾಜ್ ಮಾಡಲ್ಲ. ನಿಮ್ಮಲ್ಲೂ ಹಂಗೇ ಅಂದ್ಕೊಂಡೆ. ಅಷ್ಟು ಜನರ ಎದುರು ನೀನು ಇಕ್ಕಟ್ಟಿಗೆ ಬೀಳ್ಬಾರ್ದು ಅಂತ ಅವನಿಗೆ ಮೊದ್ಲೇ ಹೇಳ್ದೆ... 'ಇವತ್ತು ಕಾವ್ಯ ಹಿಡಿಯಲ್ಲ, ಯಾಕೆ ಅಂತ ಕೇಳ್ಬೇಡ, ನನ್ನ ಕೈಗೆ ಕೊಡು' ಅಂತ."

"ನಾನು... ಹಿಡಿಯಲ್ಲ ಅಂತ?"

"ಹೂಂ ಕಣೇ... ನಾನು ಒಳ್ಳೇದಕ್ಕೇ..." ನಗ್ಮಾ ಅವಳ ಕೈ ಹಿಡಿದುಕೊಂಡಳು.

ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಮಲ್ಲಾಜಮ್ಮ ಕೈ ನಿಲ್ಲಿಸಿದಳು.

"ಲಿಂಗ ಕಟ್ದೋರ್ಗೆ ಎಂತಾ ಮೈಲ್ಗೆ ಮಗಾ? ಹಗ್ಲೂ ರಾತ್ರಿ ಆ ಮೈ ಮ್ಯಾಲೇ ಅಲ್ವಾ ಅದು ಇರಾದು? ನಿಂಗೊತ್ತಿರ್ಲಿಲ್ಲ, ನಿಂದೇನು ತಪ್ಪಿಲ್ಲ ಬುಡವ್ವ." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಕಥೆ ಕೊನೆ ಕೇಳ್ತಿದ್ದೆ ಅಲ್ವಾ ಕಣಮ್ಮಿ? ಅವ್ನು ಈಜ್ಕೊಂಡು ಬಂದಿದ್ನಂತೆ. ಬಂದು ನೋಡದ್ರೆ... ಅವ್ಳು ಕೈ ಮಡಚ್ಕೊಂಡು ಮನೆಗೋಗಿದ್ಲಂತೆ."

"ಸುಳ್ಳು ಅಜ್ಜಿ! ಅವಳು ಕೈ ಮಡಚಲಿಲ್ಲ ಅಂತ ನೀನೇ..."

"ಓಗಿ ತೋರ್ಸು ಹಂಗಾದ್ರೆ! ಸೋಮ್ವಾರ್ದೋರ್ಗೆ ನಾನೇಳ್ಕೋತೀನಿ."

ಕಾವ್ಯಶ್ರೀ ಗುಂಡ್ಲುಪೇಟೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಗೆ ಹಣೆಯೊತ್ತಿ ಅತ್ತಳು. 'ಬಾಗಿಲ ಮುಂದೆ ಅವನು ನಿಂತಿದ್ದ... ನಾನು ತೆರೆಯಲಿಲ್ಲ. ಈಗ ಅವನ ಬಾಗಿಲೂ ಮುಚ್ಚಿದ್ದರೆ?'

ಭೀಮನಬೀಡಿನ ರಸ್ತೆಯ ಪಕ್ಕ ಕೇರಳದ ಕಾರುಗಳು ಸಾಲುಗಟ್ಟಿದ್ದವು. ಸೂರ್ಯಕಾಂತಿಯ ಹೊಲದೊಳಗೆ ಜನವೋ ಜನ.

"ಚೇಚೀ, ಪೂ ಪರಿಕ್ಕಲ್ಲೇ! ಫೋಟೋ ತಕ್ಕೊಳ್ಳಿ, ಹೂ ಕೀಳ್ಬೇಡಿ!"

ಅದೇ ದನಿ! ಹೊಲದ ಬದುವಿನ ಮೇಲೆ ಗುರು. ಬಡವಾಗಿದ್ದ. ಅವಳನ್ನು ಕಂಡವನು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿದ.

ಅವಳ ಕಣ್ಣು ಹೋದದ್ದು ಅವನ ಕೊರಳಿಗೆ. ಬೆಳ್ಳಿ ಇರಲಿಲ್ಲ. ಮಾಸಿದ ಬಿಳಿ ಬಟ್ಟೆಯ ಗಂಟು.

"ಕರಡಿಗೆ... ಎಲ್ಲಿ?"

ಅವನು ಬಟ್ಟೆಯ ಗಂಟನ್ನು ಮುಟ್ಟಿಕೊಂಡ.

"ಮನೇಲದೆ. ಅಂಗೈ ಒಡ್ಡೋರು ಇರ್ಲಿಲ್ಲ. ನೀವು ಬುಟ್ಟ ಮೇಲೆ ಬಟ್ಟೆಗೆ ಕಟ್ಕೊಂಡೆ... ಯಾವ ಯಂತ್ರಾನೂ ಕೂಗ್ಲಿಲ್ಲ. ಎದೆ ಮಾತ್ರ..."

ಅವಳಿಗೆ ದುಃಖ ಒತ್ತರಿಸಿ ಬಂತು. ಬಿಕ್ಕುತ್ತಲೇ ಎಲ್ಲ ಹೇಳಿದಳು. ನಾನು ಬೇಡವೆಂದಿರಲಿಲ್ಲ, ಖಾಲಿ ಕೈಯಲ್ಲಿ ನಿಂತಿದ್ದೆ, ನಗ್ಮಾ ಒಳ್ಳೆಯದಕ್ಕೆಂದು ಮಾಡಿದ ತಪ್ಪು...

"ಒಂದು ಮಾತು ಕೇಳ್ಬಹುದಿತ್ತಲ್ಲ ಗುರು! ಒಂದೇ ಒಂದು ಮಾತು!"

"ಯಾಕೆ ಅಂತ ಕೇಳ್ಬೇಡ ಅಂದಿದ್ಲು... ನೀವು ಅಂಗೈ ಒಡ್ಡಿದ್ದು ಬರೀ ಮುಲಾಜಿಗೆ ಅಂದ್ಕೊಂಡೆ. ಕೇಳಿದ್ರೆ ನೀವು ನಿಜವಾಗ್ಲೂ ಬೇಡ ಅಂದ್ಬುಟ್ರೆ ಅಂತ ಭಯ ಆಯ್ತು." ಅವನು ಕಣ್ಣೊರೆಸಿಕೊಂಡ. "ನೀವೂ ಕೇಳ್ಲಿಲ್ಲ ಕಾವ್ಯಾ. ಬಾಗ್ಲು ಮುಂದೆ ನಿಂತಿದ್ದೆ ನಾನು."

ಕಳೆದುಹೋದ ದಿನಗಳನ್ನು ಯಾವ ಮಾತು ತಂದುಕೊಟ್ಟೀತು?

ದುಪಟ್ಟದ ಅಂಚನ್ನು ಬಲಗೈ ಮೇಲೆ ಹಾಸಿದಳು. ಎಷ್ಟೋ ಕಾಲದಿಂದ ಮುಷ್ಟಿಯಾಗಿದ್ದ ಬೆರಳುಗಳು ನೋಯುತ್ತ ನೋಯುತ್ತ ಬಿಡಿಸಿಕೊಂಡವು. ಅಂಗೈ ಒಡ್ಡಿದಳು.

"ಇಲ್ಲಿ ಯಾವ ಯಂತ್ರಾನೂ ಇಲ್ವಲ್ಲ ಕಾವ್ಯಾ..." ಅವನು ಅಳುತ್ತಲೇ ನಕ್ಕ.

"ಗೊತ್ತು. ಆದ್ರೂ ಕೊಡಿ."

ಅವನು ಶಿವದಾರವನ್ನು ತಲೆಯಿಂದ ಬಿಡಿಸಿದ. ಬಟ್ಟೆಯ ಗಂಟನ್ನು ಅವಳ ಅಂಗೈಯಲ್ಲಿಟ್ಟ. ಇಟ್ಟ ಕೈಯನ್ನು ಈ ಸಲ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಎಷ್ಟೊತ್ತು ಹಿಡ್ಕೊಂಡಿರ್ತೀರಿ?"

"ನೀವು ಹೊಳೆ ದಾಟಿ ಬರೋವರ್ಗೂ."

"ಯಾವ ಹೊಳೆ?"

"ನಮ್ಮಜ್ಜಿ ಕಥೇದು... ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳಿ" ಎಂದ ಗುರು, ಅವಳ ಒದ್ದೆ ಕೆನ್ನೆ ನೋಡುತ್ತ. "ಇನ್ನು ಯಾವ್ದನ್ನೂ ಆಮೇಲೆ ಅಂತ ಇಟ್ಕೊಳ್ಳೋದು ಬೇಡ ಕಾವ್ಯಾ."